ಕಾರಾಪುರದ ಹುಡುಗ, ಬಾಗ್ದಾದಿನ ಕಳ್ಳ

ಮಕ್ಕಳೇ, ಡಿಸ್ನಿಯವರ ‘ಅಲ್ಲಾದ್ದೀನ್’ ನೋಡದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಲ್ಲಾದ್ದೀನನ ಹೆಗಲ ಮೇಲೆ ಕೂತು ಕಂಡದ್ದನ್ನೆಲ್ಲ ಎಗರಿಸುವ ಕೋತಿ ಇದೆಯಲ್ಲ, ಅದರ ಹೆಸರು ಅಬು. ಕೆಟ್ಟ ಮಂತ್ರಿಯ ಹೆಸರು ಜಾಫರ್. 1992ರ ಆ ಕಾರ್ಟೂನಿಗೆ ಈ ಎರಡು ಹೆಸರೂ ಬಂದದ್ದು 1940ರ ಒಂದು ಹಳೇ ಸಿನಿಮಾದಿಂದ, ‘ದ ಥೀಫ್ ಆಫ್ ಬಾಗ್ದಾದ್’ ಎಂಬುದರಿಂದ. ಅದರಲ್ಲಿ ಅಬು ಕೋತಿಯಲ್ಲ, ಹದಿನೈದು ಹದಿನಾರರ ಹುಡುಗ. ಸಂತೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕದ್ದು ಓಡುವ ಕಿಲಾಡಿ.

ಆ ಚಿತ್ರದ ಒಂದು ದೃಶ್ಯ ಹೇಳುತ್ತೇನೆ, ಕೇಳಿ. ಯಾರೂ ಇಲ್ಲದ ಸಮುದ್ರತೀರದಲ್ಲಿ ಅಬುಗೆ ಒಂದು ಸೀಸೆ ಸಿಗುತ್ತದೆ. ಬಿರಡೆ ತೆಗೆದರೆ ಕಪ್ಪು ಹೊಗೆ, ಹೊಗೆಯೊಳಗಿಂದ ಬೆಟ್ಟದಷ್ಟು ಎತ್ತರದ ಭೂತ. ಭೂತ ಅವನನ್ನು ಹೊಸಕಿಹಾಕಲು ಕಾಲೆತ್ತುತ್ತದೆ. ಹುಡುಗ ಅಳುವುದಿಲ್ಲ. ಇಷ್ಟು ದೊಡ್ಡವನು ಇಷ್ಟು ಸಣ್ಣ ಸೀಸೆಯಲ್ಲಿದ್ದೆ ಅಂದರೆ ನಾನು ನಂಬುವುದಿಲ್ಲ ಅಂತ ಕೆಣಕುತ್ತಾನೆ. ಭೂತ ಜಂಬದಿಂದ ಒಳಗೆ ಹೋಗಿ ತೋರಿಸುತ್ತದೆ, ಇವನು ಪಟ್ಟನೆ ಬಿರಡೆ ಜಡಿಯುತ್ತಾನೆ! ಆಮೇಲೆ ಚೌಕಾಸಿ ನಡೆದು ಮೂರು ವರ ಸಿಗುತ್ತವೆ. ಮೊದಲನೆಯದನ್ನು ಅವನು ಹಸಿವಿನ ಭರದಲ್ಲಿ ಬಾಣಲೆ ತುಂಬ ಸಾಸೇಜ್ ಕೇಳಿ ಕಳೆದುಬಿಡುತ್ತಾನೆ. ಚಿನ್ನ ಕೇಳಲಿಲ್ಲ, ರಾಜ್ಯ ಕೇಳಲಿಲ್ಲ. ಹಸಿದ ಹುಡುಗರು ಕೇಳುವುದೇ ಹಾಗೆ.

ಈ ಅಬುವಿನ ಪಾತ್ರ ಮಾಡಿದವನು ಸಾಬು. 1924ರ ಜನವರಿ 27ರಂದು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ. ಊರಿಗೆ ಹೋದಾಗ ನಿಮ್ಮಲ್ಲಿ ಕೆಲವರು ಕಬಿನಿ ಹಿನ್ನೀರಿನ ಹತ್ತಿರ ಸಫಾರಿಗೆ ಹೋಗಿರಬಹುದು. ಎಚ್.ಡಿ. ಕೋಟೆ ತಾಲ್ಲೂಕಿನ ಅದೇ ಕಾರಾಪುರ. ಅಪ್ಪ ಮಹಾರಾಜರ ಆನೆಗಳ ಮಾವುತ. ಸಾಬು ಸಣ್ಣವನಿರುವಾಗಲೇ ಅಮ್ಮ ಹೋದಳು, ಕೆಲವೇ ವರ್ಷಗಳಲ್ಲಿ ಅಪ್ಪನೂ ಹೋದ. ಉಳಿದವರು ಅಣ್ಣ ಮತ್ತು ಆನೆಗಳು. ಅರಮನೆಯ ಆನೆ ಲಾಯದ ಆಸರೆಯಲ್ಲೇ ಹುಡುಗ ಬೆಳೆದ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ನಿರ್ದೇಶಕ ಮೈಸೂರಿಗೆ ಬಂದಿಳಿದ. ಹಿಮದ ನಾಡಿನ ಇನೂಯಿಟ್ ಜನರ ಬದುಕಿನ ಮೇಲೆ 1922ರಲ್ಲಿ ‘ನಾನೂಕ್ ಆಫ್ ದ ನಾರ್ತ್’ ತೆಗೆದು ಹೆಸರು ಮಾಡಿದ್ದವನು. ಈಗ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನಿಗಾಗಿ ಕಿಪ್ಲಿಂಗ್ ಬರೆದ ಆನೆ ಹುಡುಗನ ಕತೆಯೊಂದನ್ನು ತೆಗೆಯಬೇಕಿತ್ತು. ಕಿಪ್ಲಿಂಗ್ ಕತೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಆದರೆ ಪಳಗಿದ ಆನೆ, ನುರಿತ ಮಾವುತರು, ದಟ್ಟ ಕಾಡು, ಎಲ್ಲವೂ ಒಟ್ಟಿಗೆ ಬೇಕೆಂದರೆ ಮೈಸೂರೇ ಸರಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಆನೆಗಳನ್ನೂ ಬಿಟ್ಟುಕೊಟ್ಟರು, ತಂಡ ಉಳಿದುಕೊಳ್ಳಲು ಚಿತ್ತರಂಜನ ಮಹಲನ್ನೂ ಕೊಟ್ಟರು.

ಆನೆ ಸಿಕ್ಕಿತು, ಹುಡುಗ ಸಿಗಲಿಲ್ಲ. ಆನೆ ಹತ್ತಲು ಬರಬೇಕು, ಕ್ಯಾಮೆರಾ ಕಂಡರೆ ಬೆದರಬಾರದು, ಮುಖ ನೋಡಿದರೆ ನೋಡುತ್ತಲೇ ಇರಬೇಕು ಅನ್ನಿಸಬೇಕು. ಕೊನೆಗೆ ಕ್ಯಾಮೆರಾಮನ್ ಆಸ್ಮಂಡ್ ಬೊರಾಡೇಲ್ ಕಣ್ಣಿಗೆ ಲಾಯದಲ್ಲಿದ್ದ ಸಾಬು ಬಿದ್ದ. ಹನ್ನೊಂದು ವರ್ಷ, ಇಂಗ್ಲಿಷಿನ ಒಂದಕ್ಷರ ಬಾರದು. ಜೊತೆಗೆ ಆಯ್ಕೆಯಾದದ್ದು ಐರಾವತ ಎಂಬ ಭಾರಿ ಗಂಡಾನೆ. ಈ ಐರಾವತ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆಗಳಲ್ಲಿ ಒಂದು ಅನ್ನುತ್ತಾರೆ. ಸುಮಾರು 750 ಕೆ.ಜಿ. ತೂಕದ ಅಂಬಾರಿ ಹೊರುವವನಿಗೆ ಒಬ್ಬ ಹುಡುಗ ಯಾವ ಲೆಕ್ಕ!

ಆಗ ಮೈಸೂರು ಖೆಡ್ಡಾಕ್ಕೆ ಹೆಸರುವಾಸಿ. ಖೆಡ್ಡಾ ಅಂದರೆ ಕಾಡಾನೆ ಹಿಡಿಯುವ ವಿಧಾನ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಇದನ್ನು ಇಲ್ಲಿ ಶುರುಮಾಡಿದ. ಮರದ ದಿಮ್ಮಿಗಳನ್ನು ನೆಟ್ಟು ಗಟ್ಟಿ ಆವರಣ ಕಟ್ಟುತ್ತಿದ್ದರು. ನೂರಾರು ಜನ ತಮಟೆ ಬಡಿಯುತ್ತ, ಕೂಗು ಹಾಕುತ್ತ, ಬೆಂಕಿ ತೋರಿಸುತ್ತ ಆನೆ ಹಿಂಡನ್ನು ದಿನಗಟ್ಟಲೆ ಸುತ್ತುವರಿದು ನದಿಯ ಕಡೆಗೆ, ಅಲ್ಲಿಂದ ಆವರಣದ ಬಾಯಿಗೆ ತಳ್ಳುತ್ತಿದ್ದರು. ಕಾಕನಕೋಟೆಯಲ್ಲಿ ಆನೆಗಳು ಕಬಿನಿ ಹೊಳೆಗೆ ಧುಮುಕಿ ದಾಟುವುದನ್ನು ನೋಡಲು ದೇಶವಿದೇಶದ ಅತಿಥಿಗಳು ಬರುತ್ತಿದ್ದರು. ಒಳಗೆ ಸಿಕ್ಕಿಬಿದ್ದ ಆನೆಯ ಹತ್ತಿರ ಪಳಗಿದ ಆನೆಯ ಮೇಲೆ ಕೂತು ಹೋಗಿ ಕಾಲಿಗೆ ಹಗ್ಗ ಬಿಗಿಯಬೇಕಾದವರು ಮಾವುತರು. ಜೀವದ ಹಂಗು ತೊರೆದು ಮಾಡುವ ಕೆಲಸ. ಆನೆಗಳಿಗೂ ಅದು ಸುಖದ್ದಲ್ಲ, ಎಷ್ಟೋ ಪೆಟ್ಟು ತಿನ್ನುತ್ತಿದ್ದವು, ಕೆಲವು ಸಾಯುತ್ತಿದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಾನೂನು ಬಂತು, ಕಬಿನಿಗೆ ಅಡ್ಡಲಾಗಿ ಅಣೆಕಟ್ಟೆ ಎದ್ದಿತು, ಹಳೆಯ ಕಾಕನಕೋಟೆಯ ಕಾಡಿನಲ್ಲಿ ಬಹಳಷ್ಟು ನೀರಿನಡಿಗೆ ಹೋಯಿತು. ನೀವು ಸಫಾರಿಯಲ್ಲಿ ನೋಡುವ ಹಿನ್ನೀರು ಅದೇ. ಆ ಸೀಮೆಯ ಕಾಡು, ಹೊಳೆ, ಆನೆಗಳನ್ನು ಫ್ಲಾಹರ್ಟಿಯ ಕ್ಯಾಮೆರಾ ಹಿಡಿದಿಟ್ಟದ್ದರಿಂದ ಇವತ್ತು ನಾವು ಕಣ್ಣಾರೆ ನೋಡಬಹುದು.

ಫ್ಲಾಹರ್ಟಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಆನೆ, ಮಳೆ, ಹೊಳೆ, ಹುಡುಗ ಅಂತ ತೆಗೆಯುತ್ತಲೇ ಹೋದ, ಕತೆ ಮುಂದಕ್ಕೆ ಹೋಗಲಿಲ್ಲ. ಲಂಡನ್ನಿನಲ್ಲಿ ಕೋರ್ಡಾ ಖರ್ಚಿನ ಲೆಕ್ಕ ನೋಡಿ ಹೌಹಾರಿದ. 1936ರಲ್ಲಿ ಎಲ್ಲರನ್ನೂ ವಾಪಸು ಕರೆಸಿಕೊಂಡು, ಉಳಿದ ಭಾಗವನ್ನು ತನ್ನ ತಮ್ಮ ಝೋಲ್ಟಾನ್‌ಗೆ ವಹಿಸಿ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮುಗಿಸಿದ. ಸಾಬು ಅಣ್ಣ ಶೇಖ್ ದಸ್ತಗೀರನ ಜೊತೆ ಹಡಗು ಹತ್ತಿದ್ದು ಹಾಗೆ. ಅಣ್ಣನ ಹೆಸರೇ ಸಾಬುಗೂ ಅಂಟಿಕೊಂಡು ಎಷ್ಟೋ ಪುಸ್ತಕಗಳಲ್ಲಿ ಅವನು ‘ಸಾಬು ದಸ್ತಗೀರ್’ ಆಗಿದ್ದಾನೆ.

ಹೀಗೆ ತಯಾರಾದ ‘ಎಲಿಫೆಂಟ್ ಬಾಯ್’ ಎರಡು ತುಂಡುಗಳ ಚಿತ್ರ. ಒಂದು ತುಂಡು ಅಪ್ಪಟ ಮೈಸೂರು. ಸಾಬು ಆನೆಯನ್ನು ಹೊಳೆಯಲ್ಲಿ ಮಲಗಿಸಿ ಮೈ ಉಜ್ಜುವಾಗ ಅದು ನಟನೆ ಅನ್ನಿಸುವುದೇ ಇಲ್ಲ, ದಿನದ ಕೆಲಸ. ಇನ್ನೊಂದು ತುಂಡು ಲಂಡನ್ನಿನದು. ಅಲ್ಲಿ ಬ್ರಿಟಿಷ್ ನಟರು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ಪೇಟ ಸುತ್ತಿಕೊಂಡು ಮಾವುತರಾಗಿ ಇಂಗ್ಲಿಷ್ ಮಾತಾಡುತ್ತಾರೆ. ಸಾಬುವಿನ ಅಪ್ಪನ ಪಾತ್ರದವನೂ ಇಂಗ್ಲಿಷಿನವನೇ. ನಿಜವಾದ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ದೂರದಲ್ಲಿ ಕಾಣಿಸಿಕೊಂಡು ಮಾಯವಾಗುತ್ತಾರೆ, ಪರದೆಯ ಮೇಲೆ ಅವರ ಹೆಸರಿಲ್ಲ. ನನಗಂತೂ ಈ ಚಿತ್ರ ನೋಡುವಾಗಲೆಲ್ಲ ಮುಂದಿನ ಸಾಲಿನ ಸಾಹೇಬರನ್ನು ಬಿಟ್ಟು ಹಿಂದೆ ಅಂಕುಶ ಹಿಡಿದು ನಿಂತವರ ಮುಖ ಹುಡುಕುವುದೇ ಕೆಲಸ. 1937ರಲ್ಲಿ ಚಿತ್ರ ಬಿಡುಗಡೆಯಾಯಿತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಆದರೆ ಜನ ಮುಗಿಬಿದ್ದದ್ದು ಸಾಬುಗಾಗಿ. ಚಿತ್ರದ ಶುರುವಿನಲ್ಲೇ ಅವನು ನೇರ ನಮ್ಮ ಕಡೆ ತಿರುಗಿ ಕತೆ ಹೇಳಲು ತೊಡಗುತ್ತಾನೆ. ಆ ನಗುವಿಗೆ ಸೋಲದವರು ಕಡಿಮೆ.

ಮುಂದಿನ ಚಿತ್ರ 1938ರ ‘ದ ಡ್ರಮ್’. ಗಡಿನಾಡಿನ ಕತೆ. ಸಾಬು ಬ್ರಿಟಿಷರಿಗೆ ನೆರವಾಗುವ ರಾಜಕುಮಾರ. ಆಗ ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಚಳವಳಿ ಕಾವೇರಿತ್ತು ಅನ್ನುವುದನ್ನು ನೆನಪಿಡಿ. ನಮ್ಮನ್ನು ಆಳುವವರೇ ಒಳ್ಳೆಯವರು, ಅವರ ವಿರುದ್ಧ ನಿಂತವರೆಲ್ಲ ದುಷ್ಟರು ಅಂತ ತೋರಿಸುವ ಚಿತ್ರವನ್ನು ಯಾರು ಸುಮ್ಮನೆ ನೋಡಿಯಾರು? ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟನೆ ಎದ್ದು ಪ್ರದರ್ಶನ ನಿಲ್ಲಿಸಬೇಕಾಯಿತು. ಹದಿನಾಲ್ಕರ ಹುಡುಗನನ್ನು ಇದಕ್ಕೆ ಹೊಣೆ ಮಾಡುವುದು ತಪ್ಪು. ಕತೆ ಬರೆದವರು ಬೇರೆ, ದುಡ್ಡು ಹಾಕಿದವರು ಬೇರೆ.

‘ಬಾಗ್ದಾದ್’ ಚಿತ್ರ ಲಂಡನ್ನಿನಲ್ಲಿ ಶುರುವಾಯಿತು, ಅಷ್ಟರಲ್ಲಿ ಎರಡನೇ ಮಹಾಯುದ್ಧ ಹೊತ್ತಿಕೊಂಡಿತು. ತಂಡ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಬಂತು. ಕೆಲವು ದೃಶ್ಯಗಳಲ್ಲಿ ಕಾಣುವ ಕೆಂಪು ಕಣಿವೆ ಯಾವುದೋ ಅರಬ್ ದೇಶದ್ದಲ್ಲ, ನಿಮ್ಮ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್! ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮಗಳಿಗೆ ಮೂರು ಆಸ್ಕರ್ ಬಂದವು. ಪೋಸ್ಟರಿನ ಪ್ರಕಾರ ರಾಜಕುಮಾರಿಯನ್ನು ಗೆಲ್ಲುವ ನಾಯಕ ಜಾನ್ ಜಸ್ಟಿನ್. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿಯುವವರು ಇಬ್ಬರು: ಮೈಸೂರಿನ ಸಾಬು, ಭೂತದ ಪಾತ್ರ ಮಾಡಿದ ಕಪ್ಪು ಅಮೆರಿಕನ್ ನಟ ರೆಕ್ಸ್ ಇಂಗ್ರಾಮ್. ಇಂಗ್ರಾಮನ ಗಹಗಹಿಸುವ ನಗು ಕೇಳಿಯೇ ನೋಡಬೇಕು. ಅಂಥ ನಟನಿಗೂ ಆ ಕಾಲದಲ್ಲಿ ದೊಡ್ಡ ಪಾತ್ರಗಳು ಸಿಕ್ಕಿದ್ದು ಬೆರಳೆಣಿಕೆಯಷ್ಟೇ.

1942ರ ‘ಜಂಗಲ್ ಬುಕ್’ನಲ್ಲಿ ಸಾಬು ಮೌಗ್ಲಿಯಾದ. ನಿಮಗೆ ಗೊತ್ತಿರುವ ಕಾರ್ಟೂನ್ ಮೌಗ್ಲಿ ಬರಲು ಇನ್ನೂ ಇಪ್ಪತ್ತೈದು ವರ್ಷ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಕಾಡಿನ ಸೆಟ್ ಹಾಕಿ ತೆಗೆದ ಚಿತ್ರ. ಇಲ್ಲೂ ಹಳ್ಳಿಯವರ ಮುಖ್ಯ ಪಾತ್ರಗಳಲ್ಲಿ ಬಣ್ಣ ಬಳಿದುಕೊಂಡ ಬಿಳಿಯರೇ. ಇದರ ಸಂಗೀತವನ್ನು ಸಾಬುವಿನ ನಿರೂಪಣೆಯೊಂದಿಗೆ ಗ್ರಾಮಫೋನ್ ಪ್ಲೇಟುಗಳಲ್ಲಿ ಬಿಟ್ಟರು. ಲಾಯದಲ್ಲಿ ಇಂಗ್ಲಿಷ್ ಬಾರದೆ ನಿಂತಿದ್ದ ಹುಡುಗ ಏಳು ವರ್ಷಗಳಲ್ಲಿ ಅಮೆರಿಕದ ಮನೆಮನೆಗೆ ಇಂಗ್ಲಿಷಿನಲ್ಲಿ ಕತೆ ಹೇಳುವವನಾಗಿದ್ದ.

ಇನ್ನೊಂದು ವಿಷಯ ನಿಮ್ಮ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿಕ್ಕಿಲ್ಲ. ಗ್ರೀನ್ ಕಾರ್ಡಿಗೆ ಕಾದು ಕಾದು ಸುಸ್ತಾದವರು ಗಮನವಿಟ್ಟು ಓದಬೇಕು. 1923ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಭಾರತೀಯರಿಗೆ ಅಮೆರಿಕದ ಪೌರತ್ವ ಸಿಗುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1946ರಲ್ಲಿ ಕಾನೂನು ಬದಲಾದಾಗಲೂ ಬರಲು ಅವಕಾಶ ಕೊಟ್ಟದ್ದು ವರ್ಷಕ್ಕೆ 100 ಜನರಿಗೆ. ಸಾಬು ಪೌರನಾದದ್ದು 1944ರಲ್ಲಿ, ಯುದ್ಧದ ನಡುವೆ. ವಾಯುಪಡೆಗೆ ಸೇರಿ ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಹಾರಿದ. ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಬಂತು. ಸಿನಿಮಾ ತಾರೆಗಳನ್ನು ಹಿಂದೆ ಉಳಿಸಿಕೊಂಡು ಮೆರವಣಿಗೆಗೆ ಮಾತ್ರ ಬಳಸಿಕೊಳ್ಳುವುದು ಸುಲಭವಿತ್ತು. ಇವನು ನಿಜಕ್ಕೂ ಹೋದ.

ಯುದ್ಧದಿಂದ ಬಂದಾಗ ಇಪ್ಪತ್ತೊಂದು ದಾಟಿತ್ತು. ತೊಡಕು ಶುರುವಾದದ್ದು ಅಲ್ಲಿಂದ. ಹಾಲಿವುಡ್ಡಿಗೆ ಆನೆ ಮೇಲಿನ ಹುಡುಗ ಬೇಕಿತ್ತು, ಬೆಳೆದ ಭಾರತೀಯ ಗಂಡಸನ್ನು ಏನು ಮಾಡಬೇಕೋ ತಿಳಿಯಲಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಒಳ್ಳೆಯ ಪಾತ್ರವೇನೋ ಸಿಕ್ಕಿತು. ಅತ್ತರು ಪೂಸಿಕೊಂಡು ಮಿಂಚುವ ರಾಜಕುಮಾರ. ಹಿಮಾಲಯದ ಕತೆಯಾದರೂ ಚಿತ್ರೀಕರಣವೆಲ್ಲ ಇಂಗ್ಲೆಂಡಿನಲ್ಲಿ, ಬೆಟ್ಟಗಳು ಗಾಜಿನ ಮೇಲೆ ಬರೆದ ಚಿತ್ರಗಳು. ಆಮೇಲೆ ಮತ್ತೆ ಕಾಡು, ಹುಲಿ, ದ್ವೀಪ, ಬರಿಮೈ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಆಟವನ್ನೂ ನಡೆಸಿದ. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಕರೆಸಬೇಕೆಂದಿದ್ದರಂತೆ, ಅನುಮತಿಯ ತೊಡಕಿನಿಂದ ಅದು ಆಗಲಿಲ್ಲ ಅನ್ನುತ್ತಾರೆ. ಆ ಪಾತ್ರ ಸುನಿಲ್ ದತ್ ಪಾಲಾಯಿತು. ಕನ್ನಡವೂ ಸೇರಿ ಭಾರತದ ಯಾವ ಭಾಷೆಯ ಚಿತ್ರದಲ್ಲೂ ಸಾಬು ನಟಿಸಲೇ ಇಲ್ಲ. ನಮ್ಮ ಸಿನಿಮಾ ಚರಿತ್ರೆಯ ಪುಸ್ತಕಗಳು ಅವನನ್ನು ಅಡಿಟಿಪ್ಪಣಿಗೆ ತಳ್ಳುವುದಕ್ಕೆ ಇದೇ ನೆಪ. ನನಗೆ ಆ ನೆಪ ಒಪ್ಪಿಗೆಯಿಲ್ಲ.

1960ರಲ್ಲಿ ಹಾಲಿವುಡ್ ಬುಲೆವಾರ್ಡಿನ ಕಾಲುದಾರಿಯಲ್ಲಿ ತಾರೆಯರ ಹೆಸರಿನ ನಕ್ಷತ್ರಗಳನ್ನು ಕೂರಿಸಿದಾಗ ಅದರಲ್ಲಿ ಸಾಬುವಿನದೂ ಇತ್ತು. ಅಲ್ಲಿ ಹೆಸರು ಕಂಡ ಮೊದಲ ಭಾರತೀಯರಲ್ಲಿ ಅವನೊಬ್ಬ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಮೂವತ್ತೊಂಬತ್ತು. ಡಿಸ್ನಿಯವರಿಗಾಗಿ ಮಾಡಿದ ‘ಎ ಟೈಗರ್ ವಾಕ್ಸ್’ ಮರುವರ್ಷ ತೆರೆಗೆ ಬಂತು. ಸಮಾಧಿ ಲಾಸ್ ಏಂಜಲೀಸಿನ ಫಾರೆಸ್ಟ್ ಲಾನ್‌ನಲ್ಲಿದೆ.

ನೋಡಬೇಕೆಂದರೆ ಯಾವುದರಿಂದ ಶುರು ಮಾಡಲಿ ಅಂತೀರಾ? ‘ಜಂಗಲ್ ಬುಕ್’ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಹೊರಗಿದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಮೊದಲು ‘ಬಾಗ್ದಾದ್’ ನೋಡಿ, ಅದೂ ಆದಷ್ಟು ದೊಡ್ಡ ಪರದೆಯಲ್ಲಿ. ‘ಎಲಿಫೆಂಟ್ ಬಾಯ್’ ಕಪ್ಪುಬಿಳುಪು, ನಿಧಾನ. ಅಜ್ಜ ಅಜ್ಜಿ ಊರಿನಿಂದ ಬಂದಾಗ ಅವರ ಪಕ್ಕದಲ್ಲಿ ಕೂತು ನೋಡಿ. ಎಚ್.ಡಿ. ಕೋಟೆ ಕಡೆಯವರಾಗಿದ್ದರೆ ಖೆಡ್ಡಾದ ಕತೆ ತಾವಾಗಿಯೇ ಹೇಳುತ್ತಾರೆ. ‘ದ ಡ್ರಮ್’ ಮಾತ್ರ ಹೈಸ್ಕೂಲಿಗೆ ಬಂದಮೇಲೆ, ಇತಿಹಾಸದ ಪಾಠ ಸ್ವಲ್ಪ ಆದಮೇಲೆ ನೋಡಿದರಾಯಿತು.