ಬತ್ತಿದ ಕಡಲಿನ ನಕ್ಷೆ ಬರೆದ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಮನೆಗಳ ಅಂಗಳದಲ್ಲಿ, ಎಷ್ಟೋ ದೇವಾಲಯಗಳ ಮೆಟ್ಟಿಲುಗಳಲ್ಲಿ ಶಹಾಬಾದಿನ ಪರ್ಸಿ ಕಲ್ಲು ಹಾಸಿರುವುದನ್ನು ವಾಚಕರು ಬಲ್ಲರು. ಬೇಸಗೆಯಲ್ಲಿ ತಣ್ಣಗಿರುವ ಆ ಬೂದುಬಣ್ಣದ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ತಂಗಿದ ಸುಣ್ಣದ ಕೆಸರಾಗಿತ್ತೆಂಬುದು ಅನೇಕರಿಗೆ ಹೊಸ ಸಂಗತಿಯಾಗಬಹುದು. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಈ ಬತ್ತಿದ ಕಡಲಿನ ತಳವನ್ನು ಊರಿಂದೂರಿಗೆ ಸಂಚರಿಸಿ ಗುರುತಿಸಿ, ನಕ್ಷೆಗಿಳಿಸಿದವರಲ್ಲಿ ಅಗ್ರಗಣ್ಯರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯದಲ್ಲಿ ಕೆಲಸಕ್ಕೆ ನಿಂತರು. ಇಲಾಖೆಯ ಮುಖ್ಯಸ್ಥರಾಗಿದ್ದವರು ಥಾಮಸ್ ಓಲ್ಡ್‌ಹ್ಯಾಮ್. ಡೇರೆ ಹೂಡಿ, ಮಳೆ ಹಿಂದೆಗೆದ ತಿಂಗಳುಗಳಲ್ಲಿ ಹಳ್ಳಕೊಳ್ಳಗಳನ್ನು ಸುತ್ತಿ, ಬಂಡೆಯನ್ನು ಸುತ್ತಿಗೆಯಿಂದ ಒಡೆದು ನೋಡಿ, ಕಂಡದ್ದನ್ನು ನಕ್ಷೆಯ ಮೇಲೆ ಬಣ್ಣದಿಂದ ಗುರುತಿಸುವುದೇ ಅಂದಿನ ಭೂವಿಜ್ಞಾನಿಯ ಬದುಕು. ಮೂವತ್ಮೂರು ವರ್ಷ ಅವರು ಈ ಸೇವೆಯಲ್ಲಿದ್ದರು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಗರಸು ತೆಗೆದ ಒಂದು ಗುಂಡಿಯಲ್ಲಿ, ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ನೀರಿನಲ್ಲಿ ಉರುಳಿ ಸವೆದ ಕಲ್ಲಾಗಿರಲಿಲ್ಲ. ಮಾನವನ ಕೈ ಕೆತ್ತಿದ ಕೊಡಲಿಯಾಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳು ದೊರೆತವು. ಭಾರತದ ಪ್ರಾಗಿತಿಹಾಸ ಸಂಶೋಧನೆಯ ಪಿತಾಮಹರೆಂಬ ಹೆಸರು ಫೂಟರಿಗೆ ಬಂದದ್ದು ಇದರಿಂದ. ಗರಸಿನ ಕಲ್ಲುಗಳ ಗಾತ್ರವನ್ನೂ ದುಂಡನ್ನೂ ದಿನನಿತ್ಯ ನೋಡಿ ಪಳಗಿದ ಕಣ್ಣಿಗೇ ದುಂಡಗಿಲ್ಲದ ಆ ಒಂದು ಕಲ್ಲು ಬೇರೆಯಾಗಿ ಕಂಡಿರಬೇಕೆಂದು ನನ್ನ ಊಹೆ.

ಈ ಕೆಲಸ ಅಂದಿನ ಕ್ರೈಸ್ತರಿಗೆ ಸುಲಭವಾದುದಾಗಿರಲಿಲ್ಲ. ಕ್ರಿಸ್ತಪೂರ್ವ 4004ರಲ್ಲಿ ಲೋಕಸೃಷ್ಟಿಯಾಯಿತೆಂಬ ಆರ್ಚ್‌ಬಿಷಪ್ ಅಷರ್ ಅವರ ಲೆಕ್ಕ ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಅಚ್ಚಾಗುತ್ತಿದ್ದ ಕಾಲ ಅದು. ಫೂಟರ ಮಾವನವರಾದ ಪೀಟರ್ ಪರ್ಸಿವಲ್ ಸ್ವತಃ ಪ್ರಾಟೆಸ್ಟಂಟ್ ಪಾದ್ರಿಗಳು. ತಮಿಳು ಬೈಬಲ್ ಅನುವಾದದಲ್ಲಿ ಶ್ರಮಿಸಿದ ವಿದ್ವಾಂಸರು. ಅಂಥ ಮನೆತನದ ಅಳಿಯ ಆರು ಸಾವಿರ ವರ್ಷಗಳ ಲೆಕ್ಕಕ್ಕೆ ಹೊಂದದ ಕಲ್ಲುಗಳನ್ನು ಗುಂಡಿಗಳಿಂದ ಎತ್ತಿ ತರುತ್ತಿದ್ದರು. ನಮ್ಮ ಶ್ರೀಸಭೆಯ ವಾಚಕರು ಇಲ್ಲಿ ಇನ್ನೊಬ್ಬರನ್ನು ನೆನೆಯಬಹುದು. ಕೆಳಗಿನ ಪದರ ಮೊದಲು ತಂಗಿದುದು, ಮೇಲಿನದು ಅನಂತರದ್ದು ಎಂಬ ಭೂವಿಜ್ಞಾನದ ಮೂಲಸೂತ್ರವನ್ನು 1669ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಕಟಿಸಿದವರು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ. ಅವರು ಮುಂದೆ ಗುರುದೀಕ್ಷೆ ಪಡೆದು 1677ರಲ್ಲಿ ಧರ್ಮಾಧ್ಯಕ್ಷರಾದರು. ಜಗದ್ಗುರು ಎರಡನೆಯ ಜಾನ್ ಪೌಲರು 1988ರಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಫೂಟರು ನಮ್ಮ ಬಯಲುಸೀಮೆಯಲ್ಲಿ ಹಿಡಿದು ನಡೆದದ್ದು ಈ ಧರ್ಮಾಧ್ಯಕ್ಷರ ಸೂತ್ರವನ್ನೇ.

1862ರಲ್ಲಿ ಕೈಹಿಡಿದ ಪತ್ನಿ ಎಲಿಜಬೆತ್ 1870ರಲ್ಲಿ ತೀರಿಕೊಂಡರು. ಆಗ ಫೂಟರಿಗೆ ಮೂವತ್ತಾರು ತುಂಬಿರಲಿಲ್ಲ, ಅಥವಾ ಆಗಷ್ಟೇ ತುಂಬಿತ್ತು. ದುಃಖವನ್ನು ಹೊತ್ತುಕೊಂಡೇ ಅವರು ಸಂಚಾರವನ್ನು ಮುಂದುವರಿಸಿದರು. 1876ರಲ್ಲಿ ಇಲಾಖೆಯ ಗ್ರಂಥಮಾಲೆಯ ಹನ್ನೆರಡನೆಯ ಸಂಪುಟದಲ್ಲಿ, ದಕ್ಷಿಣ ಮರಾಠಾ ಸೀಮೆ ಹಾಗೂ ಅದಕ್ಕೆ ಹೊಂದಿದ ಜಿಲ್ಲೆಗಳ ಭೂರಚನೆಯನ್ನು ಕುರಿತ ಅವರ ದೊಡ್ಡ ವರದಿ ಹೊರಬಂತು. ಬೆಳಗಾವಿಯಿಂದ ಕಲಾದಗಿಯವರೆಗೆ, ಅಲ್ಲಿಂದ ಭೀಮಾತೀರದವರೆಗೆ ಅದರ ವ್ಯಾಪ್ತಿ. ಭೀಮಾ ಶ್ರೇಣಿಯೆಂದು ಕಿಂಗ್ ಅವರು ಹೆಸರಿಟ್ಟಿದ್ದ ಪದರಗಲ್ಲುಗಳ ವಿವರ ಈ ವರದಿಯ ಒಂದು ಮುಖ್ಯ ಭಾಗ. ಸುರಪುರ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಾಯಕ ಅರಸರ ಸಂಸ್ಥಾನ 1858ರಲ್ಲಿ ಅಳಿದು, 1860ರಲ್ಲಿ ಬ್ರಿಟಿಷರು ಅದನ್ನು ಹೈದರಾಬಾದಿಗೆ ಒಪ್ಪಿಸಿದ್ದರು.

ಕಡಲಿನ ತಳವನ್ನು ನೆಲದ ಮೇಲೆ ನಿಂತು ಓದುವುದು ಹೇಗೆ? ಇಲ್ಲಿ ಕಣದ ಗಾತ್ರವೇ ಅಕ್ಷರ. ಹೊಳೆಯ ನೀರು ಕಡಲು ಸೇರುವಾಗ ಮೊದಲು ಭಾರವಾದುದನ್ನು ಚೆಲ್ಲುತ್ತದೆ. ದಡದ ಬಳಿ, ಅಲೆಯ ಹೊಡೆತ ಬಲವಾಗಿರುವಲ್ಲಿ, ಉರುಟು ಕಲ್ಲುಗಳು ತಂಗುತ್ತವೆ; ಅದರಾಚೆ ಮರಳು; ಇನ್ನೂ ಆಚೆ, ನೀರು ಶಾಂತವಾಗಿರುವಲ್ಲಿ, ನುಣ್ಣನೆಯ ಕೆಸರು. ನೆಲದಿಂದ ಬಂದ ಕೆಸರು ವಿರಳವಾದೆಡೆ ನೀರಿನೊಳಗಿನ ಸುಣ್ಣವೇ ಪದರವಾಗಿ ಕೂಡುತ್ತದೆ. ಕಾಲಾಂತರದಲ್ಲಿ ಉರುಟು ಕಲ್ಲು ಗಟ್ಟಿಯಾಗಿ ಮುದ್ದೆಗಲ್ಲಾಗುತ್ತದೆ, ಮರಳು ಮರಳುಗಲ್ಲಾಗುತ್ತದೆ, ಕೆಸರು ಜೇಡಿಗಲ್ಲಾಗುತ್ತದೆ, ಸುಣ್ಣ ಪರ್ಸಿಯಾಗುತ್ತದೆ. ಭೀಮಾ ಶ್ರೇಣಿಯಲ್ಲಿ ಈ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ಕಾಣಬಹುದು: ಬುಡದಲ್ಲಿ ಮುದ್ದೆಗಲ್ಲು, ಮರಳುಗಲ್ಲು, ಅದರ ಮೇಲೆ ಜೇಡಿಗಲ್ಲು, ಮೇಲೆ ಸುಣ್ಣಕಲ್ಲು. ಅರ್ಥಾತ್ ಕಡಲು ನೆಲದ ಮೇಲೆ ಮೆಲ್ಲನೆ ಏರಿ ಬಂತು. ದಡವಿದ್ದ ಸ್ಥಳ ತಿಳಿನೀರಿನ ತಳವಾಯಿತು.

ಈ ಕಡಲಿನ ಅಡಿಪಾಯ ಮತ್ತೂ ಪ್ರಾಚೀನವಾದುದು. ಯಾದಗಿರಿಯ ಕೋಟೆಬೆಟ್ಟವಾಗಲಿ, ಮಲಗಿದ ಬುದ್ಧನೆಂದು ಜನರು ತೋರಿಸುವ ಶಹಾಪುರದ ಬೆಟ್ಟಸಾಲಾಗಲಿ ಕಣಶಿಲೆಯವು. ಆ ಕಣಶಿಲೆ ಸವೆದು ಉದುರಿದ ಹರಳುಗಳೇ ಭೀಮಾ ಕಡಲಿನ ಬುಡದ ಮರಳಾದವು. ಶಹಾಪುರದಿಂದ ಗೋಗಿಯ ಕಡೆಗೆ ಹೋಗುವವರು ಬೆಟ್ಟದ ದುಂಡುಬಂಡೆಗಳನ್ನು ಹಿಂದಿಕ್ಕಿ ಪದರಪದರವಾದ ಸುಣ್ಣಕಲ್ಲಿನ ನೆಲಕ್ಕೆ ಬರುವರು. ನಡುವೆ ಒಂದು ಅಗೋಚರ ಗೆರೆಯನ್ನು ದಾಟಿರುತ್ತಾರೆ. ನಕ್ಷೆಯಲ್ಲಿ ಅದನ್ನು ಎಳೆಯುವುದೇ ಸರ್ವೇಕ್ಷಣೆಯ ಕಾಯಕ. ಈ ಸುಣ್ಣಕಲ್ಲಿನಲ್ಲಿ ಚಿಪ್ಪಿನ ಗುರುತುಗಳಿಲ್ಲ, ಏಕೆಂದರೆ ಚಿಪ್ಪುಳ್ಳ ಜೀವಿಗಳು ಹುಟ್ಟುವುದಕ್ಕೂ ಮುಂಚಿನ ಕಡಲು ಅದು. ಅದರ ವಯಸ್ಸು ಎಷ್ಟು ಕೋಟಿ ವರ್ಷವೆಂಬುದರಲ್ಲಿ ವಿದ್ವಾಂಸರೊಳಗೆ ಇಂದಿಗೂ ಏಕಾಭಿಪ್ರಾಯವಿಲ್ಲ.

ಫೂಟರ ವರದಿ ಹೊರಬಂದ 1876ರಲ್ಲೇ ಚಾಲೆಂಜರ್ ಎಂಬ ಹಡಗು ಮೂರೂವರೆ ವರ್ಷಗಳ ಸಾಗರಯಾನ ಮುಗಿಸಿ ಇಂಗ್ಲೆಂಡಿಗೆ ಮರಳಿತು. ಅದು ತಂದ ತಳದ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿ ಜಾನ್ ಮರ್ರೆ ಮತ್ತು ರೆನಾರ್ಡ್ ಬರೆದ ಗ್ರಂಥ 1891ರಲ್ಲಿ ಪ್ರಕಟವಾಯಿತು. ಅವರು ನೀರಿನಡಿಯಿಂದ ಎತ್ತಿ ನೋಡಿದ್ದನ್ನು ಇವರು ಜೋಳದ ಹೊಲದ ಬದುವಿನಲ್ಲಿ ಕುಳಿತು ನೋಡಿದ್ದರು. ಇಂದಿನ ವಿಜ್ಞಾನಿಗಳು 2 ಮಿಲಿಮೀಟರಿಗಿಂತ ದೊಡ್ಡದು ಗರಸು, ಅದರಿಂದ 0.0625 ಮಿಲಿಮೀಟರಿನವರೆಗೆ ಮರಳು, ಅದಕ್ಕಿಂತ ಸಣ್ಣದು ಕೆಸರು ಎಂದು ಜರಡಿ ಹಿಡಿದು ವಿಂಗಡಿಸುತ್ತಾರೆ. 1966ರಲ್ಲಿ ಸ್ಥಾಪನೆಗೊಂಡ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಪಶ್ಚಿಮ ಕರಾವಳಿಯಾಚೆಯ ಖಂಡಾವರಣವನ್ನು ಹೀಗೆಯೇ ಪರೀಕ್ಷಿಸಿದರು. ಅಲ್ಲಿ ಒಂದು ಸೋಜಿಗವಿದೆ. ಸುಮಾರು 50ರಿಂದ 60 ಮೀಟರ್ ಆಳದವರೆಗೆ ಕೆಸರು. ಅದರಾಚೆ, ಕೆಸರೇ ಇರಬೇಕಾದಲ್ಲಿ, ಮರಳು! ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದ್ದಾಗಿನ ಹಳೆಯ ದಡದ ಮರಳು ಅದು. ದಡ ಸರಿಯುತ್ತದೆ, ಕಣಗಳು ಸಾಕ್ಷಿಯಾಗಿ ಉಳಿಯುತ್ತವೆ.

ಫೂಟರ ಗೆರೆಗಳನ್ನು ಮುಂದಿನವರು ತಿದ್ದಿ ವಿಸ್ತರಿಸಿದರು. ಶಹಾಬಾದ್, ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಈ ಸುಣ್ಣಕಲ್ಲಿನಿಂದ. ಗೋಗಿಯಲ್ಲಿ ಬಂಡೆಗಳು ಸೀಳಿಹೋದ ಜಾಡಿನಲ್ಲಿ ಯುರೇನಿಯಂ ಪತ್ತೆಯಾಗಿ, ಬಾವಿಯ ನೀರನ್ನೂ ಹೊಲವನ್ನೂ ಕುರಿತು ಊರವರ ಆತಂಕಕ್ಕೆ ಕಾರಣವಾಯಿತು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆದಿಮಾನವರ ಕಲ್ಲಿನ ಕಾರ್ಯಾಗಾರವನ್ನು ಅಗೆದರು. ಅಲ್ಲಿನ ಕೊಡಲಿಗಳು ಮಾಡಲ್ಪಟ್ಟದ್ದು ಇದೇ ಕಡಲಿನ ಸುಣ್ಣಕಲ್ಲಿನಿಂದ. ಫೂಟರ ಎರಡು ಆಸಕ್ತಿಗಳು, ಪದರಗಲ್ಲು ಮತ್ತು ಕೈಗೊಡಲಿ, ಸುರಪುರ ಸೀಮೆಯ ಆ ಒಂದೇ ಸ್ಥಳದಲ್ಲಿ ಕೂಡಿಬಂದವು. ಅದನ್ನು ನೋಡಲು ಅವರಿರಲಿಲ್ಲ.

ದಕ್ಷಿಣದ ಚಿನ್ನದ ಬಂಡೆಗಳಿಗೆ ಧಾರವಾಡ ವ್ಯವಸ್ಥೆಯೆಂದು ಹೆಸರಿಟ್ಟವರೂ ಅವರೇ. 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯುವಾಗ ಸೈನ್ಯಾಧಿಕಾರಿಯಾಗಿದ್ದ ಮಗ ಹೆನ್ರಿ ಜೊತೆಗಿದ್ದು ದುಡಿದರು. 1891ರಲ್ಲಿ ನಿವೃತ್ತರಾದ ಮೇಲೆ ಬರೋಡಾ ಸಂಸ್ಥಾನಕ್ಕೂ, 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಗೂ ಸೇವೆ ಸಲ್ಲಿಸಿದರು. ಬಳಿಕ ಏರ್ಕಾಡಿನ ಬೆಟ್ಟದಲ್ಲಿ ನೆಲೆಸಿ, ಜೀವಮಾನವೆಲ್ಲ ಕೂಡಿಸಿದ ಶಿಲಾಯುಧಗಳಿಗೂ ಮಡಕೆಚೂರುಗಳಿಗೂ ಪಟ್ಟಿ ಬರೆಯತೊಡಗಿದರು. ಆ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಪಟ್ಟಿ ಅಚ್ಚಾಗುವ ಮುನ್ನವೇ, 1912ರ ಡಿಸೆಂಬರ್ 29ರಂದು, ಫೂಟರು ಕಲ್ಕತ್ತೆಯಲ್ಲಿ ಕೊನೆಯುಸಿರೆಳೆದರು. ಗ್ರಂಥದ ಎರಡು ಭಾಗಗಳು 1914 ಮತ್ತು 1916ರಲ್ಲಿ ಹೊರಬಂದವು. ಬಳ್ಳಾರಿಯ ಬೆಟ್ಟಗಳಲ್ಲಿ ಅವರು ಹೆಕ್ಕಿದ ಕಲ್ಲುಗಳೂ ಅವುಗಳಲ್ಲಿ ಪಟ್ಟಿಯಾಗಿವೆ.