ದಾದಾಭಾಯಿ ನವರೋಜಿ: ಅಂಕಿ-ಅಂಶಗಳ ಲೆಕ್ಕ ಕೇಳಿದ ಹಿರಿಯ

ಮುಂಬೈಯ ಫೋರ್ಟ್ ಪರಿಸರದಲ್ಲಿ ನಿತ್ಯ ಓಡಾಡುವ ನಾವು ದಾದಾಭಾಯಿ ನವರೋಜಿಯವರನ್ನು ರಸ್ತೆಯೊಂದರ ಹೆಸರಾಗಿ, ಕಾಂಗ್ರೆಸ್ಸಿನ ಹಿರಿಯರಾಗಿ ಬಲ್ಲೆವು. ಅವರು ಗಣಿತದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಮರೆತಿದ್ದೇವೆ.

1825ರಲ್ಲಿ ಬಡ ಪಾರ್ಸಿ ಪುರೋಹಿತ ಕುಟುಂಬದಲ್ಲಿ ಜನಿಸಿದ ಅವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಆ ಹುದ್ದೆಗೇರಿದ ಪ್ರಥಮ ಭಾರತೀಯರು. 1855ರಲ್ಲಿ ವ್ಯಾಪಾರಕ್ಕೆಂದು ಇಂಗ್ಲೆಂಡಿಗೆ ತೆರಳಿದರು.

ಭಾರತೀಯನೊಬ್ಬನ ವಾರ್ಷಿಕ ಆದಾಯವೆಷ್ಟು? ಇದನ್ನರಿಯಲು ಅವರು ಪ್ರಾಂತಗಳ ಸರಕಾರಿ ವರದಿಗಳನ್ನೇ ಜಾಲಾಡಿದರು. ಸಾಗುವಳಿ ಭೂಮಿ, ಎಕರೆವಾರು ಇಳುವರಿ, ಧಾನ್ಯದ ಬೆಲೆ ಎಲ್ಲವನ್ನೂ ಪ್ರಾಂತವಾರು ಲೆಕ್ಕಹಾಕಿದರು. ಮಧ್ಯಪ್ರಾಂತದ ವರದಿಯಲ್ಲಿ ಜಿಲ್ಲೆಗಳ ಇಳುವರಿಯನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯಲಾಗಿತ್ತು. ಹತ್ತು ಲಕ್ಷ ಎಕರೆಯ ಜಿಲ್ಲೆಗೂ ಹತ್ತು ಸಾವಿರ ಎಕರೆಯ ಜಿಲ್ಲೆಗೂ ಒಂದೇ ತೂಕ! ಬ್ಯಾಂಕಿನವರಾದ ನಾವು ಸಾಲದ ಮೊತ್ತವನ್ನೇ ನೋಡದೆ ಬಡ್ಡಿದರದ ಸರಾಸರಿ ತೆಗೆದರೆ ಲೆಕ್ಕಪರಿಶೋಧಕರು ಒಪ್ಪಿಯಾರೇ? ಈ ದೋಷವನ್ನು ಎತ್ತಿ ತೋರಿಸಿದ ದಾದಾಭಾಯಿಯವರು ವಿಸ್ತೀರ್ಣಕ್ಕೆ ತಕ್ಕಂತೆ ಇಳುವರಿಯನ್ನು ಮತ್ತೆ ಲೆಕ್ಕಹಾಕಿದರು.

1876ರಲ್ಲಿ ಮುಂಬೈಯಲ್ಲಿ ಓದಿದ ಪ್ರಬಂಧದಲ್ಲಿ ಬ್ರಿಟಿಷ್ ಭಾರತದ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದರು. ಸೆರೆಮನೆಯ ಕೈದಿಯ ಅನ್ನಬಟ್ಟೆಗೆ ಸರಕಾರ ವೆಚ್ಚಮಾಡುತ್ತಿದ್ದುದೇ ಇದಕ್ಕಿಂತ ಹೆಚ್ಚು ಎಂದು ಸರಕಾರಿ ಅಂಕಿಗಳಿಂದಲೇ ತೋರಿಸಿದರು. ಅಧಿಕಾರಿಗಳು ಆಕ್ಷೇಪಿಸಿದರು. 1882ರಲ್ಲಿ ಸರಕಾರದ ಹಣಕಾಸು ಸದಸ್ಯ ಈವ್ಲಿನ್ ಬೇರಿಂಗ್ 27 ರೂಪಾಯಿ ಎಂದು ಸಾರಿದರು. ಆ ಲೆಕ್ಕದ ವಿವರ ಕೊಡಿರೆಂದು ದಾದಾಭಾಯಿ ಕೇಳಿದರು, ದೊರೆಯಲಿಲ್ಲ. ಅವರಾದರೋ ತಮ್ಮ ಕೋಷ್ಟಕಗಳನ್ನೆಲ್ಲ ಯಾರೂ ಪರೀಕ್ಷಿಸಬಹುದಾದಂತೆ ಮುದ್ರಿಸಿದ್ದರು.

1892ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು. 1895ರಲ್ಲಿ ಭಾರತದ ವೆಚ್ಚವನ್ನು ಪರಿಶೀಲಿಸಲು ನೇಮಕವಾದ ವೆಲ್ಬಿ ಆಯೋಗದ ಸದಸ್ಯರಾಗಿ ಅದೇ ಪ್ರಶ್ನೆಗಳನ್ನು ಅಲ್ಲಿಗೂ ಒಯ್ದರು. 1901ರಲ್ಲಿ ಪ್ರಕಟವಾದ ಅವರ ಬೃಹತ್ ಗ್ರಂಥದಲ್ಲಿ ಆ ಹಳೆಯ ಕೋಷ್ಟಕಗಳು ಮತ್ತೆ ಅಚ್ಚಾದವು. 1917ರ ಜೂನ್ 30ರಂದು ಮುಂಬೈಯಲ್ಲಿ ನಿಧನರಾದರು.