ಬೇಟೆಗಾರರ ಗುಡ್ಡವನ್ನೇ ಗುತ್ತಿಗೆ ಹಿಡಿದ ರೊಸಾಲಿ ಎಡ್ಜ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಿಟಟಿನ್ನಿ ಅಂತ ಒಂದು ಉದ್ದನೆಯ ಬೆಟ್ಟಸಾಲಿದೆ. ಪ್ರತಿವರ್ಷ ಆಗಸ್ಟ್ ಮಧ್ಯದಿಂದ ಡಿಸೆಂಬರ್‌ವರೆಗೆ ಉತ್ತರದ ಕಾಡುಗಳಿಂದ ದಕ್ಷಿಣಕ್ಕೆ ಹೊರಟ ಗಿಡುಗ, ಹದ್ದು, ಡೇಗೆಗಳು ಈ ಸಾಲಿನ ನೆತ್ತಿಯ ಮೇಲೆ ಹಾದುಹೋಗುತ್ತವೆ. ವಾಯುವ್ಯದಿಂದ ಬೀಸುವ ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೇಳುತ್ತದೆ. ಆ ಗಾಳಿಗೆ ರೆಕ್ಕೆ ಚಾಚಿಕೊಂಡರೆ ಸಾಕು, ಹೆಚ್ಚು ಶ್ರಮವಿಲ್ಲದೆ ಮೈಲುಗಟ್ಟಲೆ ತೇಲಿಹೋಗಬಹುದು.

ಹಕ್ಕಿಗಳಿಗೆ ಅನುಕೂಲವಾದ ಈ ದಾರಿ 1930ರ ಸುಮಾರಿಗೆ ಬಂದೂಕು ಹಿಡಿದವರಿಗೂ ಅಷ್ಟೇ ಅನುಕೂಲವಾಗಿತ್ತು. ತುದಿಯ ಬಂಡೆಗಳ ಮೇಲೆ ಕೂತು, ಕಣ್ಣೆದುರಿಗೇ ತೇಲಿಬರುತ್ತಿದ್ದ ಹಕ್ಕಿಗಳನ್ನು ಹೊಡೆದು ಉರುಳಿಸುತ್ತಿದ್ದರು. ತಿನ್ನೋದಕ್ಕೂ ಅಲ್ಲ, ಮಾರೋದಕ್ಕೂ ಅಲ್ಲ. ಗಿಡುಗ ಅಂದರೆ ಕೋಳಿ ಕದಿಯುವ ಪೀಡೆ ಅನ್ನೋದು ಆಗಿನ ತಿಳಿವಳಿಕೆ. ಗಾಸ್‌ಹಾಕ್ ಎಂಬ ಗಿಡುಗವನ್ನು ಕೊಂದು ತಂದರೆ ರಾಜ್ಯದ ಬೇಟೆ ಆಯೋಗವೇ 5 ಡಾಲರ್ ಇನಾಮು ಕೊಡುತ್ತಿತ್ತು. ಹಾರುವ ಹಕ್ಕಿ ಯಾವ ಜಾತಿಯದ್ದು ಅಂತ ನೋಡುವ ವ್ಯವಧಾನ ಯಾರಿಗಿತ್ತು? ಕಂಡಿದ್ದಕ್ಕೆಲ್ಲ ಗುಂಡು.

ಇದನ್ನು ನಿಲ್ಲಿಸಿದವರು ವಿಜ್ಞಾನಿಯೂ ಅಲ್ಲದ, ಅಧಿಕಾರಿಯೂ ಅಲ್ಲದ ನ್ಯೂಯಾರ್ಕ್‌ನ ಒಬ್ಬ ಹೆಣ್ಣುಮಗಳು. ಹೆಸರು ರೊಸಾಲಿ ಎಡ್ಜ್.

ರೊಸಾಲಿ ಹುಟ್ಟಿದ್ದು 1877ರಲ್ಲಿ, ನ್ಯೂಯಾರ್ಕ್‌ನ ಅನುಕೂಲಸ್ಥ ಕುಟುಂಬದಲ್ಲಿ. 1909ರಲ್ಲಿ ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಎಡ್ಜ್ ಅವರನ್ನು ಜಪಾನಿನ ಯೊಕೊಹಾಮಾದಲ್ಲಿ ಮದುವೆಯಾದರು, ಕೆಲವು ವರ್ಷ ಏಷ್ಯಾದಲ್ಲೇ ಕಳೆದರು. ಅಮೆರಿಕಕ್ಕೆ ಮರಳಿದ ಮೇಲೆ ಹೆಣ್ಣುಮಕ್ಕಳ ಮತದಾನದ ಹಕ್ಕಿನ ಚಳವಳಿಗೆ ಇಳಿದರು. ಭಾಷಣ ಮಾಡೋದು, ಕರಪತ್ರ ಬರೆಯೋದು, ಸಭೆಯಲ್ಲಿ ಎದ್ದು ನಿಂತು ಪಟ್ಟುಹಿಡಿದು ಪ್ರಶ್ನೆ ಕೇಳೋದು, ಇವೆಲ್ಲ ಅವರಿಗೆ ಒಲಿದಿದ್ದು ಅಲ್ಲೇ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು, 1920ರಲ್ಲಿ ಇಡೀ ದೇಶದ ಮಟ್ಟದಲ್ಲಿ ಅದು ಸಂವಿಧಾನಕ್ಕೆ ಸೇರಿತು.

1921ರಲ್ಲಿ ಗಂಡನಿಂದ ಬೇರೆಯಾದರು. ಆ ಬೇಸರದ ವರ್ಷಗಳಲ್ಲಿ ಅವರ ಕೈಹಿಡಿದಿದ್ದು ಹಕ್ಕಿಗಳು. ಮನೆಗೆ ಹತ್ತಿರದ ಸೆಂಟ್ರಲ್ ಪಾರ್ಕ್‌ನಲ್ಲಿ ದುರ್ಬೀನು ಹಿಡಿದು ಸುತ್ತತೊಡಗಿದರು. ಊರಿನ ನಟ್ಟನಡುವಿನ ಈ ಪಾರ್ಕು ವಲಸೆ ಹಕ್ಕಿಗಳಿಗೆ ತಂಗುದಾಣ. ಕಾಂಕ್ರೀಟಿನ ನಡುವೆ ಹಸಿರು ಕಂಡಲ್ಲಿ ಅವು ಇಳಿಯುತ್ತವೆ.

1929ರ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಅವರ ಕೈಗೆ ಒಂದು ಕರಪತ್ರ ಬಂತು. ಅಮೆರಿಕದ ಹಲವು ಹಕ್ಕಿಗಳು ಅಳಿವಿನ ಅಂಚಿನಲ್ಲಿವೆ, ಅವನ್ನು ಕಾಯಬೇಕಾದ ಸಂಘಟನೆಗಳು ಬೇಟೆಗಾರರ ಜೊತೆ ಹೊಂದಿಕೊಂಡು ಕೂತಿವೆ ಅನ್ನೋದು ಅದರ ಆರೋಪ. ಬರೆದವರಲ್ಲಿ ಮುಖ್ಯರು ನ್ಯೂಯಾರ್ಕ್‌ನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ವಿಜ್ಞಾನಿ ವಿಲ್ಲರ್ಡ್ ವ್ಯಾನ್ ನೇಮ್. ಇದಾದ ಮೇಲೆ, ಅನುಮತಿಯಿಲ್ಲದೆ ಇಂಥದ್ದನ್ನು ಪ್ರಕಟಿಸಬಾರದು ಅಂತ ಸಂಸ್ಥೆ ಅವರ ಬಾಯಿ ಕಟ್ಟಿತು.

ಆ ವರ್ಷ ಅಕ್ಟೋಬರ್ 29ರಂದು, ಷೇರುಪೇಟೆ ನೆಲಕಚ್ಚಿದ ದಿನವೇ, ದೇಶದ ದೊಡ್ಡ ಪಕ್ಷಿ ಸಂರಕ್ಷಣಾ ಸಂಘಟನೆಯಾದ ಆಡುಬಾನ್ ಸಂಘದ ವಾರ್ಷಿಕ ಸಭೆ ಇತ್ತು. ರೊಸಾಲಿ ಅದರ ಸದಸ್ಯೆ. ಸಭೆಗೆ ಹೋಗಿ, ಕರಪತ್ರದ ಆರೋಪಗಳಿಗೆ ಉತ್ತರ ಕೊಡಿ ಅಂತ ಕೇಳಿದರು. ತೃಪ್ತಿಯಾಗುವ ಉತ್ತರ ಬರಲಿಲ್ಲ. ತಾವೇ ಎಮರ್ಜೆನ್ಸಿ ಕನ್ಸರ್ವೇಶನ್ ಕಮಿಟಿ ಅಂತ ಒಂದು ಪುಟ್ಟ ಸಂಘಟನೆ ಕಟ್ಟಿದರು. ಬಾಯಿ ಕಟ್ಟಿಸಿಕೊಂಡ ವಿಜ್ಞಾನಿಗಳ ಮಾಹಿತಿ ಇನ್ನು ಮುಂದೆ ರೊಸಾಲಿಯವರ ಸಂಘಟನೆಯ ಕರಪತ್ರಗಳಾಗಿ ಹೊರಬರತೊಡಗಿತು.

ಆಡುಬಾನ್ ಸಂಘದ ಎಲ್ಲ ಸದಸ್ಯರಿಗೂ ವಿಷಯ ಮುಟ್ಟಿಸಬೇಕು ಅಂತ ವಿಳಾಸಗಳ ಪಟ್ಟಿ ಕೇಳಿದರು. ಕೊಡಲಿಲ್ಲ. 1931ರಲ್ಲಿ ಕೋರ್ಟಿಗೆ ಹೋದರು, ಗೆದ್ದರು. ಲೂಸಿಯಾನಾದಲ್ಲಿದ್ದ ತನ್ನದೇ ವನ್ಯಧಾಮದಲ್ಲಿ ಮಸ್ಕ್‌ರ‍್ಯಾಟ್ ಎಂಬ ಪ್ರಾಣಿಯನ್ನು ಬೋನಿಟ್ಟು ಹಿಡಿಸಿ, ಅದರ ತುಪ್ಪಳದ ವ್ಯಾಪಾರದಿಂದ ಸಂಘ ಹಣ ಮಾಡುತ್ತಿದ್ದ ಸಂಗತಿ ಬಯಲಿಗೆ ಬಂತು. ಸಂಘದ ವಕೀಲರು ರೊಸಾಲಿಯವರನ್ನು ಜಗಳಗಂಟಿ ಅಂತ ಹೀಗಳೆದರು. ಪ್ರಶ್ನೆ ಕೇಳುವ ಹೆಣ್ಣಿಗೆ ಸಿಗುವ ಬಿರುದು ಎಲ್ಲ ದೇಶದಲ್ಲೂ ಒಂದೇ ನೋಡಿ. ಕೊನೆಗೆ 1934ರಲ್ಲಿ ಸಂಘದ ಅಧ್ಯಕ್ಷ ಗಿಲ್ಬರ್ಟ್ ಪಿಯರ್‌ಸನ್ ಕುರ್ಚಿ ಬಿಡಬೇಕಾಯಿತು.

ಗುಡ್ಡದ ಕತೆ ಶುರುವಾಗೋದೂ ಇದೇ ಹೊತ್ತಿಗೆ. 1932ರಲ್ಲಿ ರಿಚರ್ಡ್ ಪೋ ಎಂಬ ಯುವಕ ಕಿಟಟಿನ್ನಿಗೆ ಹೋಗಿ, ಸತ್ತ ಗಿಡುಗಗಳನ್ನು ಸಾಲಾಗಿ ಜೋಡಿಸಿಟ್ಟು ಫೋಟೊ ತೆಗೆದಿದ್ದರು. ಆಡುಬಾನ್ ಸಂಘ ಈ ಜಾಗ ಕೊಳ್ಳುತ್ತದೆ ಅಂತ ರೊಸಾಲಿ ಕಾದರು. ಆಗಲಿಲ್ಲ. 1934ರಲ್ಲಿ ತಾವೇ ಹೊರಟು, ವ್ಯಾನ್ ನೇಮ್ ಅವರಿಂದ ಸಾಲ ಪಡೆದು, ಸುಮಾರು 1,400 ಎಕರೆ ಗುಡ್ಡವನ್ನು 500 ಡಾಲರ್‌ಗೆ ಒಂದು ವರ್ಷದ ಗುತ್ತಿಗೆ ಹಿಡಿದರು. ಕಾನೂನು ಬದಲಾಗಲಿ ಅಂತ ಕಾಯುತ್ತಾ ಕೂತಿದ್ದರೆ ಆ ಶರತ್ಕಾಲದ ಹಕ್ಕಿಗಳೂ ಸಾಯುತ್ತಿದ್ದವು.

ಕಾವಲಿಗೆ ಬಂದವರು ಮಾರಿಸ್ ಬ್ರೌನ್ ಎಂಬ ಯುವ ಪಕ್ಷಿತಜ್ಞ ಮತ್ತು ಅವರ ಹೆಂಡತಿ ಇರ್ಮಾ. ಮೊದಲ ವರ್ಷ ಸಂಬಳ ಬೇಡ ಅಂದರು. ಬಂದೂಕು ಹೊತ್ತು ಬಂದವರನ್ನು ರಸ್ತೆಯಲ್ಲೇ ತಡೆದು ವಾಪಸ್ ಕಳಿಸುವ ಕೆಲಸ. ಬಂದವರಲ್ಲಿ ಸುತ್ತಲಿನ ಕಲ್ಲಿದ್ದಲು ಊರುಗಳ ಜನರೂ ಇದ್ದರು. ಅವರ ಕಣ್ಣಿಗೆ ಇದು ಪೇಟೆಯ ಶ್ರೀಮಂತ ಹೆಂಗಸೊಬ್ಬರು ತಮ್ಮ ಗುಡ್ಡಕ್ಕೆ ಬೇಲಿ ಹಾಕಿದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಸಿಟ್ಟನ್ನು ಮರೆಮಾಚಿ ಈ ಕತೆ ಹೇಳೋದು ಸರಿಯಲ್ಲ. ಆದರೆ ಗುಡ್ಡ ಮುಚ್ಚಿದ್ದು ಬಂದೂಕಿಗೆ ಮಾತ್ರ. 1935ರಿಂದ ಹಕ್ಕಿ ನೋಡುವ ಸಾರ್ವಜನಿಕರಿಗೆಲ್ಲ ಅದು ತೆರೆದುಕೊಂಡಿತು. 1938ರಲ್ಲಿ ಜಾಗವನ್ನು ಕೊಂಡು, ಹಾಕ್ ಮೌಂಟನ್ ಸ್ಯಾಂಕ್ಚುರಿ ಸಂಘದ ಹೆಸರಿಗೆ ಬರೆದುಕೊಟ್ಟರು. ಬೇಟೆ ಹಕ್ಕಿಗಳಿಗಾಗಿಯೇ ಮೀಸಲಾದ ಜಗತ್ತಿನ ಮೊದಲ ಅಭಯಧಾಮ ಅದು.

ಬ್ರೌನ್ ಇನ್ನೊಂದು ಕೆಲಸ ಮಾಡುತ್ತಿದ್ದರು. ತುದಿಯ ಬಂಡೆಯ ಮೇಲೆ ಕೂತು, ದಿನವೂ ಯಾವ ಹಕ್ಕಿ ಎಷ್ಟು ಹಾದುಹೋದವು ಅಂತ ಲೆಕ್ಕ ಬರೆಯೋದು. ಸೆಪ್ಟೆಂಬರ್‌ನಲ್ಲಿ ಗುಂಪುಗುಂಪಾಗಿ ಸುತ್ತುತ್ತಾ ಏರುವ ಬ್ರಾಡ್‌ವಿಂಗ್ಡ್ ಗಿಡುಗಗಳು, ನವೆಂಬರ್‌ನ ಚಳಿಗೆ ಬರುವ ಗೋಲ್ಡನ್ ಈಗಲ್‌ಗಳು, ಎಲ್ಲವೂ ಪುಸ್ತಕಕ್ಕೆ ಸೇರಿದವು. ಮಹಾಯುದ್ಧದ ವರ್ಷಗಳಲ್ಲಿ ಬಿಡುವಾಗಿದ್ದು ಬಿಟ್ಟರೆ ಈ ಎಣಿಕೆ ಮುಂದುವರಿಯಿತು.

ಅದರ ಬೆಲೆ ಗೊತ್ತಾಗಿದ್ದು ಡಿಡಿಟಿ ಬಂದ ಮೇಲೆ. 1935ರಿಂದ 1939ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ಶೇ 40ರಷ್ಟು ಮರಿಪ್ರಾಯದವು. 1955ರಿಂದ 1959ರ ಹೊತ್ತಿಗೆ ಅದು ಶೇ 20ಕ್ಕೆ ಇಳಿಯಿತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಮರಿ. ದೊಡ್ಡವು ಇನ್ನೂ ಹಾರುತ್ತಿದ್ದವು, ಹಾಗಾಗಿ ಬರಿಗಣ್ಣಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತಿತ್ತು. ಸಂತತಿ ನಿಂತುಹೋಗುತ್ತಿದೆ ಅಂತ ಹೇಳಿದ್ದು ಆ ಲೆಕ್ಕದ ಪುಸ್ತಕ. ರೇಚಲ್ ಕಾರ್ಸನ್ ತಮ್ಮ ಸೈಲೆಂಟ್ ಸ್ಪ್ರಿಂಗ್ ಪುಸ್ತಕದಲ್ಲಿ ಕೀಟನಾಶಕದ ವಿರುದ್ಧ ಇದೇ ಅಂಕಿಗಳನ್ನು ಸಾಕ್ಷಿಯಾಗಿ ಮುಂದಿಟ್ಟರು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ಬಳಕೆಗೆ ನಿಷೇಧ ಬಿತ್ತು; ಗಿಡುಗ, ಹದ್ದುಗಳಿಗೆ ವಲಸೆ ಹಕ್ಕಿಗಳ ಕಾನೂನಿನ ರಕ್ಷಣೆ ಸಿಕ್ಕಿದ್ದೂ ಅದೇ ವರ್ಷ.

ರೊಸಾಲಿ ಅದನ್ನು ನೋಡಲಿಲ್ಲ. ಕಾರ್ಸನ್ ಪುಸ್ತಕ ಬಂದ ವರ್ಷವೇ, 1962ರ ನವೆಂಬರ್ 30ರಂದು ತೀರಿಕೊಂಡರು. ಸಾಯುವ ಕೆಲವೇ ವಾರ ಮುಂಚೆ ಟೆಕ್ಸಾಸ್‌ನಲ್ಲಿ ನಡೆದ ಆಡುಬಾನ್ ಸಭೆಗೆ ಹೋಗಿದ್ದರು. ಒಂದು ಕಾಲಕ್ಕೆ ಅವರನ್ನು ಕೋರ್ಟಿನಲ್ಲಿ ಎದುರಿಸಿದ್ದ ಸಂಘಟನೆಯ ಸದಸ್ಯರು ಈ ಸಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಪರಿಸರದ ಹೋರಾಟ ಅಂದರೆ ನಮಗೆ ಬೀದಿಯ ಧರಣಿ, ಹ್ಯಾಶ್‌ಟ್ಯಾಗ್, ಕೋರ್ಟಿನ ಅರ್ಜಿಗಳು ನೆನಪಾಗುತ್ತವೆ. ಅವೆಲ್ಲ ಬೇಕು, ರೊಸಾಲಿ ಕೂಡ ಕೋರ್ಟಿಗೆ ಹೋದವರೇ. ಆದರೆ ಡಿಡಿಟಿ ವಿರುದ್ಧ ನಿಂತ ಸಾಕ್ಷಿಗಳಲ್ಲೊಂದು, ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಕೂತು ಬರೆದಿಟ್ಟ ಲೆಕ್ಕ. ಹಾಕ್ ಮೌಂಟನ್‌ನ ಬಂಡೆಯ ಮೇಲೆ ಈಗಲೂ ಪ್ರತಿ ಶರತ್ಕಾಲದಲ್ಲಿ ಆ ಲೆಕ್ಕ ನಡೆಯುತ್ತದೆ.